ಯಾರ ಪೈಕಿ?

ನಮ್ಮ ಕಡೆ ಹೊಸಬರು ಯಾರಾದರೂ ಮನೆಗೆ ಬಂದರೆ ಮೊದಲು ಒಂದು ಚೆಂಬು ನೀರು ಕೊಡುತ್ತಾರೆ, ಆಮೇಲೆ ‘ಯಾವೂರು?’ ಎನ್ನುತ್ತಾರೆ, ಅದಾದ ಮೇಲೆ ‘ಯಾರ ಪೈಕಿ?’ ಎನ್ನುತ್ತಾರೆ. ಈ ಮೂರನೆಯ ಪ್ರಶ್ನೆಗೆ ತಕ್ಕ ಉತ್ತರ ದೊರೆಯುವವರೆಗೆ ಬಂದವರಿಗೆ ಕಂಬಳಿ ಹಾಸುವುದೋ ಬಿಡುವುದೋ ಎಂಬುದು ಇತ್ಯರ್ಥವಾಗುವುದಿಲ್ಲ. ಮನುಷ್ಯನ ಗುಣ, ವಿದ್ಯೆ, ಸಂಬಳ ಇವೆಲ್ಲ ನಾಲ್ಕನೆಯ ಪ್ರಶ್ನೆಯಿಂದಾಚೆಗೆ.

ನಮ್ಮ ಕಡೆ ಎಂದರೆ ಹೂವಿನಹಡಗಲಿ ತಾಲ್ಲೂಕಿನ ಇಟ್ಟಿಗಿಯ ಕಡೆ. ಹೆಸರು ಹೇಳಿದೊಡನೆ ಕೆಲವರು ವಿದ್ಯಾವಂತರು ‘ಓಹೋ, ಮಹಾದೇವ ದೇವಾಲಯದ ಊರು!’ ಎಂದು ಕಣ್ಣರಳಿಸುವುದುಂಟು. ಅದು ಕೊಪ್ಪಳ ಜಿಲ್ಲೆಯ ಇಟಗಿ. ಚಾಲುಕ್ಯ ವಿಕ್ರಮಾದಿತ್ಯನ ದಂಡನಾಯಕ ಮಹಾದೇವನು 1112ರಲ್ಲಿ ಕಟ್ಟಿಸಿದ ಗುಡಿ ಅಲ್ಲಿಯದು. ನಮ್ಮ ಊರಿಗೆ ಅಂಥ ಕೀರ್ತಿಯಿಲ್ಲ. ಅಷ್ಟೇ ಅಲ್ಲ, ನಮ್ಮ ಸೀಮೆಯ ಊರುಗಳಿಗೆ ತಾವು ಯಾರ ಪೈಕಿ ಎಂಬುದೇ ಆಗಾಗ ಮರೆತುಹೋಗುತ್ತದೆ. 1953ರ ಅಕ್ಟೋಬರ್ 1ರವರೆಗೆ ನಾವು ಮದರಾಸಿನವರು, ಅಲ್ಲಿಂದಾಚೆಗೆ ಮೈಸೂರಿನವರು, ಬಹುಕಾಲ ಬಳ್ಳಾರಿ ಜಿಲ್ಲೆಯವರಾಗಿದ್ದು 2021ರಿಂದ ವಿಜಯನಗರ ಜಿಲ್ಲೆಯವರು. ನೆರೆಯ ಹರಪನಹಳ್ಳಿಯಂತೂ 1997ರಲ್ಲಿ ಕೊಟ್ಟ ಹೆಣ್ಣಿನಂತೆ ದಾವಣಗೆರೆಗೆ ಹೋಗಿ, ಇಪ್ಪತ್ತು ವರ್ಷ ಬಾಳುವೆ ಮಾಡಿ, ಮತ್ತೆ ಬಳ್ಳಾರಿಗೆ ಹಿಂದಿರುಗಿ, ಅಲ್ಲಿಂದ ಎಲ್ಲರೊಡನೆ ವಿಜಯನಗರಕ್ಕೆ ಬಂದಿತು. ತಾಲ್ಲೂಕುಗಳಿಗೆ ಮನೆ ಬದಲಾಯಿಸಲು ಒಂದು ಸರ್ಕಾರಿ ಆಜ್ಞೆ ಸಾಕು. ಮನುಷ್ಯರಿಗೆ ಅದು ಅಷ್ಟು ಸುಲಭವಾಗಿ ಒದಗುವುದಿಲ್ಲ.

ಹಾಡುವವರ, ಬಣ್ಣ ಹಚ್ಚುವವರ ಜೀವನಚರಿತ್ರೆಗಳನ್ನು ಓದಿ ನೋಡಿ. ಅಲ್ಲಿಯೂ ಮೊದಲನೆಯ ಅಧ್ಯಾಯ ಈ ‘ಪೈಕಿ’ಯದೇ. ಬಳ್ಳಾರಿ ರಾಘವರೆಂದರೆ ನಾಟಕಕಾರ ಧರ್ಮವರಂ ಕೃಷ್ಣಮಾಚಾರ್ಯರ ಸೋದರಳಿಯ. ಮಲ್ಲಿಕಾರ್ಜುನ ಮನಸೂರರು ಹುಡುಗರಾಗಿದ್ದಾಗ ರಂಗವನ್ನೇರಿದುದು ಅಣ್ಣ ಬಸವರಾಜರ ಹಿಂದೆ. ಬೀಳಗಿಯ ಗೋಹರಬಾಯಿಯೂ ಅಮೀರಬಾಯಿಯೂ ಒಡಹುಟ್ಟಿದವರು. ಅಕ್ಕ ಬಾಲಗಂಧರ್ವರ ಮಂಡಳಿಯನ್ನು ಸೇರಿದಳು, ತಂಗಿ ಮುಂಬಯಿಯ ಸಿನಿಮಾಕ್ಕೆ ಹೋಗಿ 1943ರ ‘ಕಿಸ್ಮತ್’ ಚಿತ್ರದಲ್ಲಿ ಹಾಡಿ ‘ಕರ್ನಾಟಕಿ’ ಎಂಬ ಅಡ್ಡಹೆಸರನ್ನು ದೇಶಕ್ಕೆಲ್ಲ ಕೇಳಿಸಿದಳು. ಕಲೆ ಎಂಬುದು ಮನೆಯ ಒಲೆಯ ಕೆಂಡದಂತೆ; ಒಬ್ಬರು ಊದಿ ಹೋದರೆ ಇನ್ನೊಬ್ಬರು ಹೊತ್ತಿಸಿಕೊಳ್ಳುತ್ತಾರೆ ಎಂದು ಈ ಚರಿತ್ರೆಗಳನ್ನು ಓದಿದವರಿಗೆ ತೋರುವುದು ಸಹಜವೇ.

ಆದರೆ ನಮ್ಮ ಸೀಮೆಯ ಹಾಡುಗಾರ್ತಿ ಹಾಗೂ ನಟಿ ಮಂಜಮ್ಮ ಜೋಗತಿಯವರ ಚರಿತ್ರೆಯನ್ನು ಈ ಕ್ರಮದಲ್ಲಿ ಬರೆಯಲಾಗುವುದಿಲ್ಲ. ಅವರಿಗೆ ಕಲೆ ಮನೆಯಿಂದ ಬಂದುದಲ್ಲ. ಮನೆ ಮುಗಿದುಹೋದ ಮೇಲೆ ಬಂದುದು.

ಅವರು ಹುಟ್ಟಿದುದು ಬಳ್ಳಾರಿಯ ಹತ್ತಿರದ ಕಲ್ಲುಕಂಬದಲ್ಲಿ, ಮಕ್ಕಳು ತುಂಬಿದ ಒಂದು ಶೆಟ್ಟರ ಮನೆಯಲ್ಲಿ. ಇಟ್ಟ ಹೆಸರು ಮಂಜುನಾಥ. ಹತ್ತನೆಯ ತರಗತಿಯವರೆಗೆ ಶಾಲೆಯನ್ನೂ ಕಲಿತುದುಂಟು. ಹುಡುಗನ ನಡೆ, ನುಡಿ, ಒಡನಾಟವೆಲ್ಲ ಹೆಣ್ಣುಮಕ್ಕಳಂತೆ ಇರುವುದನ್ನು ಮನೆಯವರು ಕಂಡರು. ಹದಿಹರೆಯ ಬಂದೊಡನೆ ಅದು ಮುಚ್ಚಿಡುವ ಮಾತಾಗಿ ಉಳಿಯಲಿಲ್ಲ. ಆಗ ಹಿರಿಯರು ಏನು ಮಾಡಬೇಕೋ ಅದನ್ನೇ ಮಾಡಿದರು. ತುಂಗಭದ್ರೆಯ ದಡದ ಹುಲಿಗಿಗೆ ಕರೆದುಕೊಂಡು ಹೋಗಿ, ಹುಲಿಗೆಮ್ಮನ ಸನ್ನಿಧಿಯಲ್ಲಿ ಉಡಿದಾರ ಹರಿದು, ಮುತ್ತು ಕಟ್ಟಿಸಿ, ಕೈಗೆ ಬಳೆಯಿಟ್ಟು, ಲಂಗ ರವಿಕೆ ತೊಡಿಸಿದರು. ಮಂಜುನಾಥ ಮಂಜಮ್ಮನಾದದ್ದು ಹೀಗೆ. ಅಂದು ತಾಯಿ ಬಹಳ ಅತ್ತರಂತೆ, ತನ್ನ ಮಗ ಸತ್ತನೆಂದೇ ಅತ್ತರಂತೆ. ಸತ್ತವನು ಎದುರಿಗೇ ಹಸಿರು ಬಳೆ ತೊಟ್ಟು ನಿಂತಿದ್ದ.

ಇಲ್ಲಿ ಕನ್ನಡ ಪಾಠ ಹೇಳುವ ನನ್ನಂಥವನಿಗೆ ಒಂದು ಸಣ್ಣ ಕ್ರಿಯಾಪದದ ಮೇಲೆ ಕಣ್ಣು ಹೋಗುತ್ತದೆ. ‘ದೇವರಿಗೆ ಬಿಟ್ಟರು’ ಎನ್ನುತ್ತಾರೆ ನಮ್ಮ ಜನ. ಗೂಳಿಯನ್ನು ದೇವರಿಗೆ ಬಿಡುತ್ತಾರೆ, ಕೋಣವನ್ನು ದೇವರಿಗೆ ಬಿಡುತ್ತಾರೆ, ಮಗುವನ್ನೂ ದೇವರಿಗೆ ಬಿಡುತ್ತಾರೆ. ‘ಬಿಡು’ ಎಂದರೆ ಒಪ್ಪಿಸು ಎಂದೂ ಆಯಿತು, ಕೈಬಿಡು ಎಂದೂ ಆಯಿತು. ಎರಡರಲ್ಲಿ ಯಾವುದು ಎಂದು ಯಾರೂ ಬಿಡಿಸಿ ಹೇಳುವುದಿಲ್ಲ. ಹೇಳದಿರುವುದರಲ್ಲಿಯೇ ಮನೆಯವರಿಗೆ ನೆಮ್ಮದಿ. ಮಗುವನ್ನು ಹೊರಗೆ ಹಾಕಿದೆವೆಂಬ ಪಾಪವೂ ಇಲ್ಲ, ಒಳಗೆ ಇಟ್ಟುಕೊಂಡೆವೆಂಬ ಲಜ್ಜೆಯೂ ಇಲ್ಲ. ಹೆಣ್ಣುಮಕ್ಕಳನ್ನು ಹೀಗೆ ಬಿಡಬಾರದೆಂದು 1982ರಲ್ಲಿ ಕರ್ನಾಟಕದಲ್ಲಿ ಕಾನೂನೇ ಆಯಿತು. ಗಂಡೆಂದು ಹುಟ್ಟಿ ಹೆಣ್ಣೆಂದು ಮುತ್ತು ಕಟ್ಟಿಸಿಕೊಂಡವರ ಮಾತು ಆಗ ಕಾನೂನಿನವರ ತಲೆಗೆ ಹೊಳೆದಿರಲಿಕ್ಕಿಲ್ಲ.

ಮುಂದಿನದನ್ನು ಮಂಜಮ್ಮನವರೇ ಮುಚ್ಚುಮರೆಯಿಲ್ಲದೆ ಹೇಳಿಕೊಂಡಿದ್ದಾರೆ. ಹೆಣ್ಣುಡುಗೆ ಉಟ್ಟ ಮೇಲೆ ಮನೆ ಮನೆಯಾಗಿ ಉಳಿಯಲಿಲ್ಲ. ಒಮ್ಮೆ ವಿಷ ಕುಡಿದು ಬದುಕಿ ಉಳಿದುದಾಯಿತು. ಮನೆ ಬಿಟ್ಟು, ಸೀರೆಯುಟ್ಟು, ಬೀದಿಯಲ್ಲಿ ಭಿಕ್ಷೆ ಬೇಡಿದುದಾಯಿತು. ಕೆಲವರು ದುರುಳರು ಅಡ್ಡಗಟ್ಟಿ ಕೈಯ ಹಣವನ್ನು ಕಸಿದು ಅತ್ಯಾಚಾರ ಮಾಡಿದುದೂ ಆಯಿತು. ಇದನ್ನು ಹೇಳುವ ಧೈರ್ಯ ಅವರಿಗಿದೆ. ವಿವರಿಸುವ ಹಕ್ಕು ನನಗಿಲ್ಲ.

ಬದುಕಿನ ದಾರಿ ತಿರುಗಿದುದು ದಾವಣಗೆರೆಯ ಬಸ್ ನಿಲ್ದಾಣದಲ್ಲಿ. ಅಲ್ಲಿ ಒಬ್ಬ ತಂದೆ ಹಾಡುತ್ತಿದ್ದ. ಅವನ ಮಗ ತಲೆಯ ಮೇಲೆ ಕೊಡ ಹೊತ್ತು, ಕೈಯಿಂದ ಹಿಡಿಯದೆ, ಕುಣಿಯುತ್ತಿದ್ದ. ಓದುಗರು ಒಂದು ಕ್ಷಣ ಈ ಚಿತ್ರವನ್ನು ನೋಡಬೇಕು. ನೋಡುತ್ತ ನಿಂತಿದ್ದವರು ತಂದೆಯೂ ಇಲ್ಲದ, ಮಗನೆಂಬ ಹೆಸರೂ ಉಳಿಯದ ಒಂದು ಜೀವ. ಅವರು ಕಂಡುದು ತಂದೆ ಮಕ್ಕಳು ಕೂಡಿ ಹೊಟ್ಟೆ ಹೊರೆದುಕೊಳ್ಳುವುದನ್ನು. ಕುಣಿತ ಮನಸ್ಸನ್ನು ಹಿಡಿಯಿತೆಂದು ಎಲ್ಲರೂ ಬರೆಯುತ್ತಾರೆ. ಹಿಡಿದುದು ಕುಣಿತ ಮಾತ್ರವೇ ಅಲ್ಲವೆಂದು ನನ್ನ ಅನುಮಾನ. ಆ ತಂದೆಯ ಗುಡಿಸಲಿಗೆ ದಿನವೂ ಹೋಗಿ ಮಂಜಮ್ಮ ಕೊಡ ಹೊತ್ತು ಕುಣಿಯುವುದನ್ನು ಕಲಿತರು.

ಈ ಕುಣಿತದ ವಿಚಾರವನ್ನು ಪಟ್ಟಣದ ಓದುಗರಿಗಾಗಿ ಸ್ವಲ್ಪ ಹೇಳಬೇಕು. ಕೊಡವೆಂದರೆ ನೀರಿನ ಕೊಡವೇ. ಆದರೆ ಅದರ ಮೇಲೆ ಎಲ್ಲಮ್ಮನ ಮುಖ, ಸುತ್ತ ಸೀರೆಯ ನೆರಿಗೆ, ನವಿಲುಗರಿ, ಬೇವಿನ ಸೊಪ್ಪು. ಅದನ್ನು ಹೊತ್ತವರು ದೇವಿಯನ್ನೇ ಹೊತ್ತಂತೆ. ಹಿಮ್ಮೇಳಕ್ಕೆ ಚೌಡಿಕೆ, ಶ್ರುತಿ, ತಾಳ. ಚೌಡಿಕೆಯನ್ನು ನೋಡದವರು ಕೈಯಳತೆಯ ಒಂದು ಮರದ ಕೊಳಗವನ್ನು ಕಲ್ಪಿಸಿಕೊಳ್ಳಬೇಕು. ಒಂದು ಬಾಯಿಗೆ ಚರ್ಮ ಬಿಗಿದು, ಆ ಚರ್ಮದ ನಡುವಿನಿಂದ ಒಂದು ತಂತಿ ಎಳೆದಿರುತ್ತಾರೆ. ಕೊಳಗವನ್ನು ಕಂಕುಳಲ್ಲಿ ಅವುಚಿ, ತಂತಿಯನ್ನು ಒಂದು ಕೈಯಿಂದ ಬಿಗಿಮಾಡುತ್ತ ಸಡಿಲಿಸುತ್ತ ಇನ್ನೊಂದು ಕೈಯಿಂದ ಮೀಟುತ್ತಾರೆ. ಅದು ವಾದ್ಯವೋ ಮಾತಾಡುವ ಪ್ರಾಣಿಯೋ ಎಂದು ಹುಡುಗರಿಗೆ ಭ್ರಾಂತಿಯಾಗುವಂತೆ ಅದರ ಧ್ವನಿ ಮೇಲೇರುತ್ತದೆ, ಕುಗ್ಗುತ್ತದೆ, ಬಿಕ್ಕುತ್ತದೆ. ನಮ್ಮ ಸಂಗೀತ ಸಭೆಗಳ ಶ್ರೋತೃಗಳು ಇದನ್ನು ಒಮ್ಮೆ ಕೇಳಬೇಕು. ಗಮಕ ಎಂಬುದು ಶಾಸ್ತ್ರದವರ ಸ್ವತ್ತು ಮಾತ್ರವಲ್ಲವೆಂದು ತಿಳಿದೀತು.

ಆಮೇಲೆ ಒಬ್ಬರು ಜೋಗಪ್ಪನ ಮುಖಾಂತರ ಮಂಜಮ್ಮನವರು ಹಗರಿಬೊಮ್ಮನಹಳ್ಳಿಯ ಕಾಳವ್ವ ಜೋಗತಿಯ ಬಳಿಗೆ ಬಂದರು. ಕಾಳವ್ವ ಆ ಸೀಮೆಯಲ್ಲಿ ಹೆಸರಾದ ಕಲಾವಿದೆ, ತಮ್ಮದೇ ಮೇಳವಿದ್ದವರು. ಬಂದವರನ್ನು ಕುಣಿಸಿ ನೋಡಿ, ಪರೀಕ್ಷೆ ಮಾಡಿಯೇ ಒಳಗೆ ಬಿಟ್ಟುಕೊಂಡರು. ಮೊದಮೊದಲು ನಾಟಕದಲ್ಲಿ ಸಣ್ಣ ಪುಟ್ಟ ಪಾತ್ರಗಳು; ಬರುಬರುತ್ತ ಮುಖ್ಯ ಪಾತ್ರಗಳು; ಹಾಡು, ಕುಣಿತ, ಮಾತು ಎಲ್ಲವೂ ಕೂಡಿದ ಅಭ್ಯಾಸ. ಕಾಳವ್ವ ತೀರಿಕೊಂಡ ಮೇಲೆ ಮೇಳದ ಹೊಣೆ ಮಂಜಮ್ಮನವರ ಹೆಗಲಿಗೆ ಬಂದಿತು. ಇದನ್ನು ಕಲೆಯ ಚರಿತ್ರೆಯಲ್ಲಿ ಗುರುಶಿಷ್ಯ ಪರಂಪರೆ ಎನ್ನುತ್ತಾರೆ. ಮನೆತನದ ಲೆಕ್ಕದಲ್ಲಿ ಹೇಳುವುದಾದರೆ, ತಾಯಿಯ ಆಸ್ತಿ ಮಗಳಿಗೆ ಬಂದಿತು ಎನ್ನಬೇಕು. ಜೋಗಪ್ಪಗಳಲ್ಲಿ ಹಿರಿಯಳನ್ನು ಅವ್ವ ಎಂದೂ ಕಿರಿಯಳನ್ನು ಮಗಳೆಂದೂ ಕರೆಯುವ ವಾಡಿಕೆಯುಂಟು. ಅದು ಬರಿಯ ಮರ್ಯಾದೆಯ ಮಾತಲ್ಲ. ಕಾಯಿಲೆ ಬಿದ್ದಾಗ ಗಂಜಿ ಕಾಯಿಸುವವರು ಯಾರು, ಸತ್ತಾಗ ಮಣ್ಣು ಹಾಕುವವರು ಯಾರು ಎಂಬುದೆಲ್ಲ ಆ ಕರೆಯುವಿಕೆಯಲ್ಲಿಯೇ ಗೊತ್ತಾಗುತ್ತದೆ.

ಇಟ್ಟಿಗಿಯಲ್ಲಿ ನಾನು ಹುಡುಗನಾಗಿದ್ದಾಗ ಮಂಗಳವಾರ ಶುಕ್ರವಾರಗಳಂದು ಜೋಗಮ್ಮಗಳು ಮನೆ ಮನೆಗೆ ಬರುತ್ತಿದ್ದರು. ದೂರದಲ್ಲಿ ಚೌಡಿಕೆ ಕೇಳಿಸಿತೆಂದರೆ ನಮ್ಮ ಅಜ್ಜಿ ಮೊರದಲ್ಲಿ ಜೋಳ ಹಾಕಿಕೊಂಡು ಹೊಸ್ತಿಲಿಗೆ ಬಂದು ನಿಲ್ಲುವಳು. ಅವರೊಳಗೆ ಒಬ್ಬರು ಎತ್ತರದ ಆಳು. ದನಿ ಗಂಡಸಿನದು, ಸೀರೆಯ ನೆರಿಗೆ ಮಾತ್ರ ನಮ್ಮ ಓಣಿಯ ಯಾವ ಗರತಿಯ ನೆರಿಗೆಗೂ ಕಡಮೆಯಿಲ್ಲ. ನಾವು ಹುಡುಗರು ಬಾಗಿಲ ಹಿಂದಿನಿಂದ ಇಣುಕಿ ಕಿಸಕ್ಕನೆ ನಗುತ್ತಿದ್ದೆವು. ಅಜ್ಜಿ ನಗಲಿಲ್ಲ. ಒಂದು ದಿನ ಜೋಳ ಸುರಿಯುತ್ತ, ಬಂದ ನೆಂಟರನ್ನು ಕೇಳುವ ದನಿಯಲ್ಲಿಯೇ ಕೇಳಿದಳು:

“ಯಾವೂರವ್ವಾ? ಯಾರ ಪೈಕಿ ನೀನು?”

“ಊರಿನ ಮಾತು ಯಾಕಬೇ ಯಮ್ಮಾ. ಎಲ್ಲಮ್ಮನ ಪೈಕಿ.”

ಅಜ್ಜಿ ತಲೆದೂಗಿ, ಮತ್ತೊಂದು ಬೊಗಸೆ ಜೋಳ ಹಾಕಿ, ಹಣೆಗೆ ಭಂಡಾರ ಹಚ್ಚಿಸಿಕೊಂಡು ಒಳಗೆ ಬಂದಳು. ಉತ್ತರ ಅವಳಿಗೆ ತೃಪ್ತಿಕರವಾಗಿತ್ತೆಂದು ತೋರುತ್ತದೆ. ನನಗೆ ಆಗ ಅದು ಉತ್ತರವನ್ನು ತಪ್ಪಿಸುವ ಉಪಾಯದಂತೆ ಕಂಡಿತು. ಮುಂದೆ ಎಂ.ಎ. ಓದುವಾಗ ಎಲ್ಲಮ್ಮನ ಕಥೆಯ ಜನಪದ ಪಾಠಗಳನ್ನು ನೋಡಿದ ಮೇಲೆ ಆ ಮಾತಿನಲ್ಲಿ ಒಂದು ಇಡೀ ವಂಶಾವಳಿ ಅಡಗಿದೆಯೆಂದು ತಿಳಿಯಿತು.

ಕಥೆ ಎಲ್ಲರಿಗೂ ಗೊತ್ತಿರುವುದೇ. ಜಮದಗ್ನಿಯ ಹೆಂಡತಿ ರೇಣುಕೆ ದಿನವೂ ಮರಳಿನ ಕೊಡ ಮಾಡಿ, ಹಾವಿನ ಸಿಂಬೆಯ ಮೇಲಿಟ್ಟು ಹೊಳೆಯ ನೀರು ತರುತ್ತಿದ್ದಳು. ಒಂದು ದಿನ ಜಲಕ್ರೀಡೆಯಾಡುತ್ತಿದ್ದವರನ್ನು ಕಂಡು ಮನಸ್ಸು ಒಂದು ಚಣ ಚಲಿಸಿತು. ಮರಳು ಕೊಡವಾಗಿ ನಿಲ್ಲಲಿಲ್ಲ. ಗಂಡ ಕೋಪದಿಂದ, ನಿಮ್ಮ ತಾಯಿಯ ತಲೆ ಕಡಿಯಿರಿ ಎಂದು ಮಕ್ಕಳಿಗೆ ಅಪ್ಪಣೆ ಮಾಡಿದ. ಹಿರಿಯ ಮಕ್ಕಳು ಒಲ್ಲೆವೆಂದರು. ಪರಶುರಾಮ ಕೊಡಲಿಯೆತ್ತಿದ. ಮುಂದೆ ವರ ಬೇಡಿ ತಾಯಿಯನ್ನು ಬದುಕಿಸಿಕೊಂಡ. ಪಿತೃವಾಕ್ಯ ಪರಿಪಾಲನೆಯ ಕಥೆಯೆಂದು ಇದನ್ನು ನಮಗೆ ಶಾಲೆಯಲ್ಲಿ ಹೇಳುತ್ತಾರೆ. ಪರಶುರಾಮನಿಗೆ ದೇವರ ಪದವಿಯೂ ಉಂಟು.

ಆದರೆ ಒಲ್ಲೆವೆಂದ ಆ ಹಿರಿಯ ಮಕ್ಕಳು ಏನಾದರು? ಶಾಲೆಯ ಪಾಠ ಅವರನ್ನು ಅಲ್ಲಿಗೇ ಬಿಟ್ಟುಬಿಡುತ್ತದೆ. ಜನಪದ ಕಥೆ ಬಿಡುವುದಿಲ್ಲ. ತಂದೆ ಅವರನ್ನು ಗಂಡಸುತನ ಹೋಗಲೆಂದು ಶಪಿಸಿದ. ಅವರು ಹೆಣ್ಣುಡುಗೆಯುಟ್ಟು ತಾಯಿಯ ಹಿಂದೆ ಹೋದರು. ಜೋಗಪ್ಪಗಳು ಅವರ ಪೈಕಿ. ಒಂದೊಂದು ಸೀಮೆಯಲ್ಲಿ ಕಥೆ ಒಂದೊಂದು ತೆರನಾಗಿದ್ದರೂ ಈ ಎಳೆ ಉಳಿದುಕೊಂಡು ಬಂದಿದೆ. ಹಾಗಾದರೆ ನಮ್ಮ ಅಜ್ಜಿಗೆ ದೊರೆತ ಉತ್ತರಕ್ಕೆ ಏನು ಅರ್ಥವಾಯಿತು? ತಾಯಿಯ ಮೇಲೆ ಕೊಡಲಿ ಎತ್ತಲಾರೆವೆಂದ ಮಕ್ಕಳ ಮನೆತನ ನಮ್ಮದು ಎಂದು. ಇದಕ್ಕಿಂತ ದೊಡ್ಡ ಮನೆತನ ನಮ್ಮ ತಾಲ್ಲೂಕಿನಲ್ಲಿ ಎಷ್ಟಿವೆಯೋ ನಾನರಿಯೆ. ಗೌಡರು, ಕುಲಕರ್ಣಿಗಳು, ನಾವು ಮೇಷ್ಟರುಗಳು, ಎಲ್ಲರೂ ಬಹುಮಟ್ಟಿಗೆ ಪರಶುರಾಮನ ಪೈಕಿಯೇ. ತಂದೆ ಹೇಳಿದನೆಂದರೆ ಕೊಡಲಿ ಎತ್ತುವವರೇ.

ರಾತ್ರಿಯಿಡೀ ನಡೆಯುವ ಎಲ್ಲಮ್ಮನ ಹಾಡುಗತೆಯನ್ನು ಈ ದೃಷ್ಟಿಯಿಂದ ಕೇಳಿದರೆ ಅದರ ಬಣ್ಣವೇ ಬೇರೆಯಾಗುತ್ತದೆ. ಹಾಡುವವರು ತಮ್ಮ ಮನೆ ಒಡೆದ ಕಥೆಯನ್ನೇ ದೇವಿಯ ಮನೆ ಒಡೆದ ಕಥೆಯೆಂದು ಹಾಡುತ್ತಿದ್ದಾರೆ. ಕೇಳುವ ಹೆಂಗಸರು ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತಾರೆ. ಬೆಳಗಾದ ಮೇಲೆ ಅದೇ ಓಣಿಯಲ್ಲಿ ಒಬ್ಬ ಹುಡುಗ ಸ್ವಲ್ಪ ಬಳುಕಿ ನಡೆದರೆ ಅವನ ಬೆನ್ನಿಗೆ ಬಾರುಕೋಲು ಬೀಳುತ್ತದೆ. ಎರಡಕ್ಕೂ ನಡುವೆ ಏನೂ ಸಂಬಂಧವಿಲ್ಲವೆಂಬಂತೆ ನಾವು ಇದ್ದುಬಿಟ್ಟಿದ್ದೇವೆ.

ಗಂಡು ಹೆಣ್ಣಿನ ಸೀರೆ ಉಡುವುದೇ ತಪ್ಪೆಂದು ನಮ್ಮ ಜನ ತಿಳಿದಿದ್ದಾರೆಯೆ? ಖಂಡಿತ ಇಲ್ಲ. ಮೇಲೆ ಹೆಸರು ಹೇಳಿದ ಬಾಲಗಂಧರ್ವರು (1888–1967) ಜೀವಮಾನವೆಲ್ಲ ರಂಗದ ಮೇಲೆ ಸೀರೆಯುಟ್ಟರು. ಅವರು ಉಟ್ಟಂತೆ ಉಡಬೇಕೆಂದು, ಮುಡಿದಂತೆ ಮುಡಿಯಬೇಕೆಂದು ಒಳ್ಳೆಯ ಮನೆತನದ ಹೆಂಗಸರೇ ಹಂಬಲಿಸಿದರು. 1964ರಲ್ಲಿ ಸರ್ಕಾರ ಪದ್ಮಭೂಷಣವನ್ನಿತ್ತಿತು. ನಮ್ಮ ಬಯಲಾಟಗಳಲ್ಲಿ ಮೀಸೆ ಬೋಳಿಸಿದ ರೈತನು ದ್ರೌಪದಿಯಾಗಿ ಬಂದರೆ ಊರೇ ಕೈಮುಗಿಯುತ್ತದೆ. ಇಲ್ಲಿ ಒಂದೇ ಒಂದು ಕರಾರು: ಬೆಳಗಿನ ಜಾವ ಬಣ್ಣ ಒರೆಸಿಕೊಂಡು, ಪಂಚೆಯುಟ್ಟು, ಗಂಡಸಾಗಿ ಮನೆಗೆ ಹೋಗತಕ್ಕದ್ದು. ಮಂಜಮ್ಮನವರು ಮುರಿದುದು ಈ ಕರಾರನ್ನು. ಅವರಿಗೆ ಒರೆಸಿಕೊಳ್ಳಲು ಬಣ್ಣವಿರಲಿಲ್ಲ. ರಂಗದ ಮೇಲೆ ಮಾತ್ರ ಅವರು ಪಾತ್ರ ಮಾಡಿದರು. ಕೆಳಗಿಳಿದರೆ ತಾವಾಗಿಯೇ ಇದ್ದರು. ಹುಟ್ಟಿದಂದಿನಿಂದ ಹದಿನೈದು ವರ್ಷ ಅವರು ಗಂಡು ಪಾತ್ರ ಮಾಡಿದ್ದರೆಂದು ಬೇಕಾದರೆ ಹೇಳಬಹುದು. ಆ ಪಾತ್ರಕ್ಕೆ ಯಾವ ಸರ್ಕಾರವೂ ಬಹುಮಾನ ಕೊಡಲಿಲ್ಲ.

ಬಹುಮಾನಗಳು ಆಮೇಲೆ ಬಂದವು. 2010ರಲ್ಲಿ ರಾಜ್ಯೋತ್ಸವ ಪ್ರಶಸ್ತಿ. 2019ರಲ್ಲಿ ಕರ್ನಾಟಕ ಜಾನಪದ ಅಕಾಡೆಮಿಯ ಅಧ್ಯಕ್ಷಸ್ಥಾನ. ಅವರಂಥವರು ಆ ಕುರ್ಚಿಯಲ್ಲಿ ಕುಳಿತುದು ಅದೇ ಮೊದಲು. 2021ರಲ್ಲಿ ಪದ್ಮಶ್ರೀ. ಅದಕ್ಕೆ ಎರಡು ವರ್ಷ ಮೊದಲು ತಮಿಳುನಾಡಿನ ಭರತನಾಟ್ಯ ಕಲಾವಿದೆ ನರ್ತಕಿ ನಟರಾಜ್ ಅವರಿಗೆ ಪದ್ಮಶ್ರೀ ಬಂದಿದ್ದಿತು. ಅವರೂ ಇದೇ ಬಾಳಿನವರು. ಈ ನಡುವೆ ದೇಶದ ಕಾನೂನೂ ಸ್ವಲ್ಪ ಕಣ್ಣು ತೆರೆಯಿತು. 2014ರ ಏಪ್ರಿಲ್ 15ರಂದು ಸುಪ್ರೀಂ ಕೋರ್ಟು, ಗಂಡು ಹೆಣ್ಣೆಂಬ ಎರಡು ಕಲಮುಗಳಲ್ಲಿ ಸೇರದವರನ್ನು ಮೂರನೆಯದಾಗಿ ಕಾಣಬೇಕೆಂದು ತೀರ್ಪಿತ್ತಿತು. 2021ರಲ್ಲಿ ಕರ್ನಾಟಕ ಸರ್ಕಾರ ನೌಕರಿಗಳಲ್ಲಿ ಅವರಿಗೆ ನೂರಕ್ಕೆ ಒಂದರಂತೆ ಮೀಸಲಿಟ್ಟಿತು. ಅಂಥ ನಿಯಮ ಮಾಡಿದ ಮೊದಲ ರಾಜ್ಯ ನಮ್ಮದು. ಸಂತೋಷವೇ. ಆದರೆ ಕೋರ್ಟು ಅರ್ಜಿಯ ನಮೂನೆಯಲ್ಲಿ ಒಂದು ಕಲಮು ಹೆಚ್ಚಿಸಬಲ್ಲುದೇ ಹೊರತು ಅಡಿಗೆಮನೆಯಲ್ಲಿ ಒಂದು ತಣಿಗೆ ಹೆಚ್ಚಿಸಲಾರದು.

2021ರ ನವೆಂಬರ್ 9ರಂದು ರಾಷ್ಟ್ರಪತಿ ಭವನದಲ್ಲಿ ನಡೆದುದನ್ನು ಓದುಗರಲ್ಲಿ ಬಹು ಮಂದಿ ಟೆಲಿವಿಷನ್ನಿನಲ್ಲಿ ನೋಡಿರಬೇಕು. ಸೀರೆಯುಟ್ಟು, ಹಣೆಗೆ ಕುಂಕುಮವಿಟ್ಟು ಮಂಜಮ್ಮನವರು ರತ್ನಗಂಬಳಿಯ ಮೇಲೆ ನಡೆದು ಬಂದರು. ಅಂದಿನ ರಾಷ್ಟ್ರಪತಿ ರಾಮನಾಥ ಕೋವಿಂದರ ಎದುರು ನಿಂತು, ಪ್ರಶಸ್ತಿಗೆ ಕೈಚಾಚುವ ಮೊದಲು, ಸೆರಗನ್ನು ಹಿಡಿದು ಅವರ ಮುಂದೆ ನಿವಾಳಿಸಿ ದೃಷ್ಟಿ ತೆಗೆದರು. ಆ ಸಭೆಯಲ್ಲಿ ಕುಳಿತಿದ್ದ ದೊಡ್ಡವರಿಗೆ ಇದೇನೆಂದು ತಿಳಿಯಲು ಒಂದು ಗಳಿಗೆ ಹಿಡಿದಿರಬೇಕು. ಆಮೇಲೆ ಚಪ್ಪಾಳೆ ಬಿದ್ದಿತು. ಮಾರನೆಯ ದಿನ ಪತ್ರಿಕೆಗಳು ಇದನ್ನು ಹೊಸ ಬಗೆಯ ವಂದನೆಯೆಂದು ಹೊಗಳಿದವು.

ನಮ್ಮ ಮನೆಯಲ್ಲಿ ನನ್ನ ತಾಯಿ ಅದನ್ನು ನೋಡುತ್ತಿದ್ದಳು. ಅವಳಿಗೆ ಅದು ವಂದನೆಯಾಗಿ ಕಾಣಲಿಲ್ಲ. “ಮಕ್ಕಳಿಗೆ ತೆಗೀತಾರಲ್ಲ, ಹಂಗ ತೆಗದ್ಲು ನೋಡು” ಎಂದಳು. ಶಾಲೆಯಿಂದ ಬಹುಮಾನ ತಂದ ಹುಡುಗನಿಗೆ, ಹೊಸ ಬಟ್ಟೆ ಹಾಕಿದ ಹುಡುಗಿಗೆ, ಪರವೂರಿನಿಂದ ಬಂದ ಅಳಿಯನಿಗೆ ನಮ್ಮಲ್ಲಿ ಹೆಂಗಸರು ಮಾಡುವ ಕೆಲಸವದು. ಬಹುಮಾನ ಪಡೆಯಬೇಕಾದವರೇ ಕೊಡುವವರ ದೃಷ್ಟಿ ತೆಗೆದರಲ್ಲ ಎಂಬುದು ನನ್ನ ಕೌತುಕ. ದೇಶದ ಯಜಮಾನನನ್ನು ಅವರು ಮಗನ ಸ್ಥಾನದಲ್ಲಿ ನಿಲ್ಲಿಸಿ ತಾವು ತಾಯಿಯ ಸ್ಥಾನದಲ್ಲಿ ನಿಂತರು. ಆ ಸ್ಥಾನವನ್ನು ಯಾರೂ ಅವರಿಗೆ ಕೊಟ್ಟುದಲ್ಲ. ಅವರ ಬಾಳನ್ನು ಕುರಿತು ಬೇಲೂರು ರಘುನಂದನ್ ಅವರು ರಚಿಸಿದ ಏಕವ್ಯಕ್ತಿ ನಾಟಕಕ್ಕೆ ‘ಮಾತಾ’ ಎಂಬ ಹೆಸರಿದೆ. ಹೆರದವರಿಗೆ ಆ ಹೆಸರು ಹೇಗೆ ಒಪ್ಪುತ್ತದೆ ಎಂದು ತರ್ಕ ಮಾಡುವವರು ನನ್ನ ತಾಯಿಯೊಡನೆ ಮಾತಾಡಬಹುದು.

ಅವರ ಆತ್ಮಕಥನವನ್ನು ಅರುಣ್ ಜೋಳದಕೂಡ್ಲಿಗಿಯವರು ನಿರೂಪಿಸಿದ್ದಾರೆ. ‘ನಡುವೆ ಸುಳಿವ ಹೆಣ್ಣು’ ಎಂದು ಅದರ ಹೆಸರು. ಕನ್ನಡ ಓದಿದವರಿಗೆ ಹೆಸರು ಕೇಳಿದೊಡನೆ ಜೇಡರ ದಾಸಿಮಯ್ಯನ ವಚನವೊಂದು ನೆನಪಾಗುತ್ತದೆ. ಹೆಣ್ಣು ಗಂಡೆಂಬುದು ಮೈಯ ಗುರುತು, ಒಳಗೆ ಸುಳಿಯುವುದಕ್ಕೆ ಆ ಗುರುತಿಲ್ಲ ಎಂಬುದು ಅದರ ತಾತ್ಪರ್ಯ. ಆ ವಚನವನ್ನು ನಾನು ವರ್ಷಾನುವರ್ಷ ಪಾಠ ಮಾಡಿದ್ದೇನೆ. ಹುಡುಗರು ತಾತ್ಪರ್ಯವನ್ನು ಉರುಹೊಡೆದು ಹತ್ತಕ್ಕೆ ಎಂಟು ಅಂಕ ಪಡೆಯುತ್ತಾರೆ. ಕೆಲವು ವರ್ಷಗಳಿಂದ ವಚನದ ಜತೆಗೆ ಮಂಜಮ್ಮನವರ ಬಾಳನ್ನೂ ಹೇಳತೊಡಗಿದ್ದೇನೆ. ಸಹೋದ್ಯೋಗಿಯೊಬ್ಬರು, “ವಚನ ಸಾಕಲ್ಲವೇ ಸ್ವಾಮಿ, ಇದೆಲ್ಲ ಏಕೆ?” ಎಂದರು. ಶತಮಾನಗಳ ಹಿಂದಿನವನು ಹೇಳಿದರೆ ತತ್ತ್ವ, ಮರಿಯಮ್ಮನಹಳ್ಳಿಯಲ್ಲಿ ಈಗ ಇರುವವರು ಬಾಳಿ ತೋರಿಸಿದರೆ ‘ಇದೆಲ್ಲ’. ಸಾಹಿತ್ಯದ ಮೇಷ್ಟರುಗಳಿಗೆ ಸತ್ತವರ ಮೇಲೆ ಇರುವ ಪ್ರೀತಿ ವಿಚಿತ್ರವಾ‌ದುದು.

ಕಳೆದ ಸಲ ಪಾಠ ಮುಗಿದು ಹುಡುಗರೆಲ್ಲ ಹೊರಟರು. ಹಿಂದಿನ ಬೆಂಚಿನ ಒಬ್ಬ ಹುಡುಗ ಮಾತ್ರ ಪುಸ್ತಕಗಳನ್ನು ಒಂದರ ಮೇಲೊಂದು ಜೋಡಿಸುತ್ತ, ಮತ್ತೆ ಬಿಡಿಸುತ್ತ ಉಳಿದ. ಒಳ್ಳೆಯ ಕಂಠದವನು, ಕಾಲೇಜಿನ ಸಮಾರಂಭಗಳಲ್ಲಿ ಪ್ರಾರ್ಥನೆ ಅವನದೇ. ಇತ್ತೀಚೆಗೆ ಅವನನ್ನು ಹಾಡಲು ಕರೆದರೆ ಹುಡುಗರ ಗುಂಪಿನಿಂದ ಒಂದು ಬಗೆಯ ಸಿಳ್ಳು ಕೇಳಿಬರುತ್ತಿದ್ದುದನ್ನು ನಾನು ಗಮನಿಸಿದ್ದೆ.

“ಸರ್, ಹುಲಿಗ್ಯಾಗ ಅತ್ರು ಅಂದ್ರಲ್ಲ ಅವರವ್ವ... ಆಮ್ಯಾಲೆ ಯಾವಾಗಾರ ಮಾತಾಡಿಸಿದ್ರಾ?”

ಕೇಳಿ, ನನ್ನ ಮುಖ ನೋಡದೆ ಕಿಟಕಿಯ ಕಡೆ ನೋಡಿದ. ಇದು ಪರೀಕ್ಷೆಗೆ ಬರುವ ಪ್ರಶ್ನೆಯಲ್ಲವೆಂದು ಇಬ್ಬರಿಗೂ ಗೊತ್ತಿತ್ತು. ನಾನು ಚೀಲದಿಂದ ಪುಸ್ತಕವನ್ನು ತೆಗೆದು ಕೊಟ್ಟು, ಇದರಲ್ಲಿ ಅವರೇ ಮಾತಾಡಿದ್ದಾರೆ, ನಿಧಾನವಾಗಿ ಓದು ಎಂದೆ. ಮನೆಯಲ್ಲಿ ಓದಲು ಅನುಕೂಲವಿದೆಯೇ ಎಂದು ಕೇಳಿದೆ. ಇಲ್ಲವೆಂದು ತಲೆಯಾಡಿಸಿದ. ಹಾಗಿದ್ದರೆ ಸಂಜೆಯವರೆಗೆ ವಿಭಾಗದ ಕೋಣೆ ತೆರೆದಿರುತ್ತದೆ, ಅಲ್ಲಿಯೇ ಕುಳಿತು ಓದಬಹುದು ಎಂದೆ.

ಅವನು ಈಗ ಬಂದು ಕುಳಿತುಕೊಳ್ಳುತ್ತಾನೆ. ಪುಸ್ತಕ ಎಂದೋ ಮುಗಿದಿರಬೇಕು. ನಾನು ಕೇಳಿಲ್ಲ, ಅವನು ಹಿಂದಿರುಗಿಸಿಲ್ಲ. ನಿನ್ನೆ ಮಳೆ ಬಂದು ಬಸ್ಸು ತಡವಾದಾಗ ಜವಾನನು ಮೂವರಿಗೂ ಚಹಾ ತಂದ.